ಮಳೆ ಬಂದಾಗ ಮಾತ್ರ

14 ಅಕ್ಟೋಬರ್ 2019, ಸೋಮವಾರ, ಮೈಸೂರು

ಸಂಜೆ ಆರೂವರೆಗೆ ಗುಡುಗು, ಹತ್ತು ನಿಮಿಷಕ್ಕೆ ಮಳೆ, ಅದರ ಬೆನ್ನಿಗೇ ಇಂಟರ್‌ನೆಟ್ ಹೋಯಿತು. ದಸರಾ ಮುಗಿದ ಮೇಲೆ ಇದು ಮೂರನೇ ಸಲ. ಪ್ರಕಾಶಕರಿಗೆ ತಿದ್ದಿದ ಕರಡು ಇವತ್ತೇ ಹೋಗಬೇಕಿತ್ತು, ಮೊಬೈಲಿನಿಂದ ಕಳಿಸಿದೆ. ಕೇಬಲ್ ಕಚೇರಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ, “ಯಾವ ವಿಂಡೋಸ್ ಸಾರ್?” ಲಿನಕ್ಸ್, ಡೆಬಿಯನ್ 10 ಅಂದೆ. “ಹಂಗಾದ್ರೆ ಅದೇ ಪ್ರಾಬ್ಲಮ್ಮು ಸಾರ್” ಅಂದರು. ಹನ್ನೆರಡು ವರ್ಷದಿಂದ ಇದರಲ್ಲೇ ದುಡಿದು ಉಣ್ಣುತ್ತಿದ್ದೇನೆ. ನೋಡದೆ ಹೊರಿಸಿದ ಆ ಮಾತು ರಾತ್ರಿಯಾದರೂ ಚುಚ್ಚುತ್ತಲೇ ಇದೆ.

15 ಅಕ್ಟೋಬರ್, ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ ಕೇಬಲ್ ಕಚೇರಿಯ ಹುಡುಗ ಬಂದ. ಒಳ್ಳೆಯ ಬಿಸಿಲು. ಮೋಡೆಮ್‌ನಿಂದ ಬಂದ ಲ್ಯಾನ್ ಕೇಬಲನ್ನು ನನ್ನ ಕಂಪ್ಯೂಟರಿನಿಂದ ಕಿತ್ತು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ನೆಟ್ ಬಂತು. “ನೋಡಿ ಸಾರ್, ನಮ್ಮದು ಸರಿಯಾಗೇ ಇದೆ” ಅಂದು ಹೊರಟ.

ಅವನು ಹೋದ ಮೇಲೆ ಕೇಬಲನ್ನು ನನ್ನ ಕಂಪ್ಯೂಟರಿಗೆ ಸಿಕ್ಕಿಸಿದರೆ ಏನೂ ಇಲ್ಲ. ಟರ್ಮಿನಲ್‌ನಲ್ಲಿ ಡಿಎಚ್‌ಕ್ಲೈಂಟ್ ಓಡಿಸಿದೆ. ‘ನನಗೊಂದು ವಿಳಾಸ ಕೊಡಿ’ ಎಂಬ ಕೋರಿಕೆ 255.255.255.255ಕ್ಕೆ ಮತ್ತೆ ಮತ್ತೆ ಹೋಗುತ್ತಿದೆ, ಕೊಡುವವರಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು, “ಆ ಹುಡುಗ ಹೇಳಿದ್ದೇ ನಿಜ ಇರಬಹುದೇನ್ರೀ?” ಅಂದಳು. ಒಂದು ಗಳಿಗೆ ನನಗೂ ಹಾಗೇ ಅನ್ನಿಸಿತು.

ಆಮೇಲೆ ಹೊಳೆಯಿತು. ಇಂಥ ಮೋಡೆಮ್‌ಗಳು ಕರೆಂಟ್ ಕೊಟ್ಟ ಮೇಲೆ ಮೊದಲು ಕಂಡ ಯಂತ್ರದ ಮ್ಯಾಕ್ ವಿಳಾಸವನ್ನೇ, ಅಂದರೆ ಅದರ ನೆಟ್‌ವರ್ಕ್ ಕಾರ್ಡಿನ ಗುರುತನ್ನೇ, ನೆನಪಿಟ್ಟುಕೊಂಡು, ಬೇರೆಯದನ್ನು ಒಳಗೆ ಬಿಡದೆ ಇರುವುದುಂಟು. ಹುಡುಗ ಲ್ಯಾಪ್‌ಟಾಪ್ ಸಿಕ್ಕಿಸುವ ಮೊದಲು ಮೋಡೆಮ್ ಆರಿಸಿ ಹಾಕಿದ್ದ. ಈಗ ಅದರ ನೆನಪಲ್ಲಿ ಇರುವುದು ಅವನ ಲ್ಯಾಪ್‌ಟಾಪು. ಮೋಡೆಮ್‌ನ ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು ಹಾಕಿದೆ. ವಿಳಾಸ ಬಂತು. ನನ್ನ ಕಂಪ್ಯೂಟರ್ ತಪ್ಪಿತಸ್ಥ ಎಂದು ತೋರಿಸಿದ ಪರೀಕ್ಷೆಯೇ ಅದರ ದಾರಿ ಮುಚ್ಚಿತ್ತು. ಅಲ್ಲದೆ ಆ ಪರೀಕ್ಷೆ ನಡೆದದ್ದು ಬಿಸಿಲಲ್ಲಿ.

17 ಅಕ್ಟೋಬರ್, ಗುರುವಾರ

ಮಳೆಗೇ ಕಾದಿದ್ದೆ. ಏಳೂಕಾಲಿಗೆ ಬಂತು.

ತಂತಿಯಿಂದಲೇ ಶುರು ಮಾಡಿದೆ. ‘ಐಪಿ ಲಿಂಕ್’ ಕೊಟ್ಟರೆ ಕಾರ್ಡ್ ಎದ್ದಿದೆ, ಕೇಬಲ್ ಹಿಡಿದಿದೆ. ‘ಐಪಿ ಅಡ್ರೆಸ್’ ಕೊಟ್ಟರೆ ವಿಳಾಸ ಇದೆ. ಮೋಡೆಮ್‌ನ 192.168.100.1ಕ್ಕೆ ಪಿಂಗ್ ಮಾಡಿದೆ. ನೂರಕ್ಕೆ ನೂರು ಉತ್ತರ, ಒಂದೊಂದೂ ಒಂದು ಮಿಲಿಸೆಕೆಂಡಿನೊಳಗೆ. ಅದರಾಚೆಯ ಗೇಟ್‌ವೇಗೆ ಮಾಡಿದರೆ ನೂರರಲ್ಲಿ 38 ಕಾಣೆ. ಲಿನಕ್ಸ್‌ನ ಹೊಣೆ ಮೋಡೆಮ್‌ವರೆಗೆ. ಅಲ್ಲಿಯವರೆಗೆ ಒಂದು ಪೊಟ್ಟಣವೂ ಕಳೆದುಹೋಗಿಲ್ಲ. ಕಳವು ನಡೆಯುತ್ತಿರುವುದು ಆಚೆಯ ಕಪ್ಪು ಕೇಬಲಿನಲ್ಲಿ.

ಅದೇ 192.168.100.1ನ್ನು ಬ್ರೌಸರಿನಲ್ಲಿ ತೆರೆದೆ. ಮೋಡೆಮ್ ತನ್ನ ನಾಡಿಯನ್ನು ತಾನೇ ಬರೆದಿಡುವ ಪುಟ ಅದು. ಬಹಳ ಮನೆಗಳಲ್ಲಿ ಈ ಪುಟ ಇದೆಯೆಂದೇ ಗೊತ್ತಿರುವುದಿಲ್ಲ. ಅಪ್‌ಸ್ಟ್ರೀಮ್ ಪವರ್ 53. ಮಧ್ಯಾಹ್ನ ಬರೆದಿಟ್ಟುಕೊಂಡದ್ದು 44. ಈ ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ 3 ಏರಿದರೆ ಶಕ್ತಿ ಇಮ್ಮಡಿ. 9 ಏರಿದರೆ ಎಂಟು ಪಟ್ಟು. ಮೋಡೆಮ್ ಎಂಟು ಪಟ್ಟು ಜೋರಾಗಿ ಕೂಗುತ್ತಿದೆ, ಆದರೂ ಕೇಬಲ್ ಕಚೇರಿಯ ತುದಿಗೆ ದನಿ ಸರಿಯಾಗಿ ಮುಟ್ಟುತ್ತಿಲ್ಲ. ಕೆಳಗೆ ಲಾಗ್‌ನಲ್ಲಿ ಸಾಲು ಸಾಲಾಗಿ ‘ಟಿ3 ಟೈಮ್‌ಔಟ್’. ‘ನಾನಿದ್ದೇನೆ, ಕೇಳಿಸುತ್ತಿದೆಯಾ’ ಎಂದು ಮೋಡೆಮ್ ಕೇಳಿದ್ದಕ್ಕೆ ಹೊತ್ತಿಗೆ ಸರಿಯಾಗಿ ಉತ್ತರ ಬಂದಿಲ್ಲ ಎಂದು ಅರ್ಥ.

ಮಳೆ ನಿಂತು ಎರಡು ಗಂಟೆಯ ಮೇಲೆ 46ಕ್ಕೆ ಇಳಿಯಿತು. ಎಲ್ಲೋ ನೀರು ಹೋಗಿದೆ, ಒಣಗುತ್ತಿದೆ.

18 ಅಕ್ಟೋಬರ್, ಶುಕ್ರವಾರ

ನಿಮಿಷಕ್ಕೊಮ್ಮೆ ಗೇಟ್‌ವೇಗೆ ಪಿಂಗ್ ಮಾಡಿ, ಹೊತ್ತಿನ ಸಮೇತ ಒಂದು ಫೈಲಿಗೆ ಬರೆಯುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಹಾಕಿದೆ. ಕಚೇರಿಗೆ ಮತ್ತೆ ಫೋನ್. ಈ ಸಲ ಲಿನಕ್ಸ್ ಹೆಸರೇ ಎತ್ತಲಿಲ್ಲ. “ಅಪ್‌ಸ್ಟ್ರೀಮ್ 53 ತೋರಿಸ್ತಿದೆ, ಲೈನ್ ನೋಡಬೇಕು” ಅಂದೆ. ನಾಳೆ ಕಳಿಸುತ್ತಾರಂತೆ.

19 ಅಕ್ಟೋಬರ್, ಶನಿವಾರ

ಅದೇ ಹುಡುಗ. ಎರಡು ಹೊತ್ತಿನ ಅಂಕಿಗಳನ್ನು ಬರೆದ ಚೀಟಿ ಕೈಗಿಟ್ಟೆ. ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ತಾರಸಿ ಬೀಗ ತೆಗೀತೀರಾ ಸಾರ್” ಅಂದ.

ನೀರಿನ ಟ್ಯಾಂಕಿನ ಪಕ್ಕದ ಸ್ಪ್ಲಿಟರ್, ಅಲ್ಲಿಗೆ ಕಂಬದಿಂದ ಬಂದ ಕೇಬಲ್. ಕನೆಕ್ಟರನ್ನು ತಿರುಗಿಸಿ ಬಿಚ್ಚುತ್ತಿದ್ದಂತೆ ಒಂದು ತೊಟ್ಟು ನೀರು ಅವನ ಹೆಬ್ಬೆರಳ ಮೇಲೆ ಬಿತ್ತು. ನಡುವಿನ ತಾಮ್ರದ ತಂತಿಗೆ ಹಳೇ ತಂಬಿಗೆಗೆ ಹಿಡಿಯುವಂಥ ಹಸಿರು ಕಿಲುಬು. ಸುತ್ತಲಿನ ಜಾಲರಿ ಕಪ್ಪಾಗಿ, ಉಗುರು ತಾಗಿದರೆ ಪುಡಿಯಾಗುತ್ತಿತ್ತು. ಕೇಬಲ್ ಮೇಲಿನಿಂದ ನೇರ ಇಳಿದು ಕನೆಕ್ಟರಿಗೆ ಸೇರಿತ್ತು, ಅದರ ಗುಂಟ ಹರಿದ ನೀರಿಗೆ ಒಳಗೆ ಹೋಗದೆ ಬೇರೆ ದಾರಿಯೇ ಇರಲಿಲ್ಲ. ಹುಡುಗ ಒಂದು ಅಡಿ ಕತ್ತರಿಸಿ ಬಿಸಾಡಿ, ಹೊಸ ಕನೆಕ್ಟರ್ ಹಾಕಿ, ಸ್ಪ್ಲಿಟರನ್ನೂ ಬದಲಿಸಿದ. ಕೇಬಲನ್ನು ಕೆಳಕ್ಕೊಂದು ಬಳಸು ಬಳಸಿ ಮೇಲಕ್ಕೆ ತಂದು ಸೇರಿಸಿದ, ನೀರು ಆ ಬಳಸಿನಲ್ಲೇ ತೊಟ್ಟಿಕ್ಕಲಿ ಎಂದು. ಕೈಗೆಲಸ ಚೆನ್ನಾಗಿ ಬರುತ್ತದೆ ಅವನಿಗೆ. ಮೊದಲ ದಿನವೇ ಯಾರಾದರೂ ತಾರಸಿಗೆ ಹತ್ತು ಎಂದಿದ್ದರೆ ಅರ್ಧ ಗಂಟೆಯ ಕೆಲಸ.

ಕಾಫಿ ಕುಡಿಯುತ್ತ ಆ ಪುಟವನ್ನು ಹೇಗೆ ತೆರೆಯುವುದೆಂದು ಕೇಳಿದ. ತೋರಿಸಿದೆ. 192.168.100.1 ಎಂದು ಅಂಗೈಯಲ್ಲಿ ಬರೆದುಕೊಂಡ.

21 ಅಕ್ಟೋಬರ್, ಸೋಮವಾರ

ನಿನ್ನೆ ರಾತ್ರಿಯಿಡೀ ಮಳೆ. ಫೈಲಿನಲ್ಲಿ ಒಂದು ಸಾಲೂ ತಪ್ಪಿಲ್ಲ. ಬೆಳಿಗ್ಗೆ ಅಪ್‌ಸ್ಟ್ರೀಮ್ 41. ಕೇಬಲ್ ಕಚೇರಿಗೆ ಎರಡು ಸಾಲಿನ ಪತ್ರ ಬರೆದು ಹಾಕಿದೆ: ಮನೆಗೆ ಹುಡುಗರನ್ನು ಕಳಿಸುವಾಗ ಲ್ಯಾಪ್‌ಟಾಪಿನ ಜೊತೆ ಸಿಗ್ನಲ್ ಮೀಟರನ್ನೂ ಕೊಟ್ಟು ಕಳಿಸಿ. ಗ್ರಾಹಕರ ಕಂಪ್ಯೂಟರ್ ಯಾವುದೆಂದು ಕೇಳುವ ಮೊದಲು, ಮಳೆ ಬಂದಾಗ ಹೋಗುತ್ತದೆಯೇ ಎಂದು ಕೇಳಿ.