ಬಂಕಾಪುರದ ಅರವತ್ತು ಕಂಬಗಳು

ಪುಣ್ಯಸ್ಥಳವೆಂದೊಡನೆ ಬೆಟ್ಟವನ್ನೇರುವ ಮೆಟ್ಟಿಲುಗಳು ನೆನಪಿಗೆ ಬರುವುದು ನಮ್ಮಲ್ಲಿ ಸಹಜ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರದಲ್ಲಾದರೋ ಯಾತ್ರಿಕನು ಇಳಿದು ಹೋಗಬೇಕು. ಹಳೆಯ ಕೋಟೆಯೊಳಗೆ, ಸುತ್ತಣ ನೆಲಕ್ಕಿಂತ ತಗ್ಗಿನಲ್ಲಿ, ನಗರೇಶ್ವರ ದೇವಾಲಯವು ಮೌನವಾಗಿ ನಿಂತಿದೆ. ಊರವರ ಬಾಯಲ್ಲಿ ಇದು 'ಅರವತ್ತು ಕಂಬದ ಗುಡಿ'.

ಊರಿನ ಹೆಸರು ಗುಡಿಗಿಂತಲೂ ಹಳೆಯದು. ರಾಷ್ಟ್ರಕೂಟ ಅಮೋಘವರ್ಷನ ಸಾಮಂತನಾದ ಬಂಕೆಯನಿಂದ ಅದು ಬಂದಿತು. ಬಂಕೆಯನ ಮಗ ಲೋಕಾದಿತ್ಯನ ಆಳ್ವಿಕೆಯಲ್ಲಿ, 9ನೆಯ ಶತಮಾನದ ಕೊನೆಗೆ, ಗುಣಭದ್ರಾಚಾರ್ಯರ ಉತ್ತರಪುರಾಣವು ಇಲ್ಲಿ ಪೂಜೆಗೊಂಡಿತು. 10ನೆಯ ಶತಮಾನದಲ್ಲಿ ಗಂಗರ ಮಾರಸಿಂಹನು ರಾಜ್ಯವನ್ನು ತೊರೆದು, ಗುರು ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನವ್ರತದಿಂದ ದೇಹವಿಟ್ಟುದೂ ಈ ಊರಿನಲ್ಲಿಯೇ. ಮುಂದೆ ಕೋಟೆಯು ಬಿಜಾಪುರದ ಆದಿಲಶಾಹಿಗಳ ವಶವಾಯಿತು. ಅನಂತರ ಸವಣೂರಿನ ನವಾಬರ ಪಾಲಿಗೆ ಬಂದಿತು.

ಗುಡಿಯ ವಿಶಾಲ ಮಂಟಪವು ಚಾಳುಕ್ಯ ಶಿಲ್ಪಿಗಳ ಕೈಚಳಕಕ್ಕೆ ಸಾಕ್ಷಿ. ಕಡೆದು ನುಣುಪಾಗಿಸಿದ ಕಂಬಗಳ ಮೇಲೆ ಬೆಳಕು ಜಾರುವಾಗ ಕಲ್ಲಿಗೆ ಲೋಹದ ಮೆರುಗು ಬಂದಂತೆ ತೋರುತ್ತದೆ.

ಈ ಮೌನವನ್ನು ಆಗಾಗ ಕಲಕುವುದು ನವಿಲಿನ ಕೇಕೆ. ಕೋಟೆಯ ನೆಲದಲ್ಲಿ ಖಿಲಾರಿ ದನಗಳ ಸಂವರ್ಧನಾ ಕೇಂದ್ರವು ನೆಲೆಗೊಂಡು, ಅವುಗಳ ಮೇವಿಗಾಗಿ ಬೆಳೆ ಬೆಳೆಯಲಾಯಿತು. ಆ ಬೆಳೆಯ ಕಾಳು, ಪೊದೆಗಳ ಆಸರೆ, ಜನಸಂಚಾರದ ವಿರಳತೆ, ಇವು ಮೂರೂ ಕೂಡಿ ನವಿಲುಗಳನ್ನು ಉಳಿಸಿದವು. 2006ರಲ್ಲಿ 139 ಎಕರೆಯ ಈ ಆವರಣವು ನವಿಲುಧಾಮವಾಯಿತು.

ಇಲ್ಲಿಯೇ ಒಂದು ತೊಡಕಿದೆ. ಕಲ್ಲಿನ ಸಂದಿನಲ್ಲಿ ಬೇರೂರಿದ ಗಿಡವು ಗೋಡೆಯನ್ನು ಸೀಳುತ್ತದೆ, ಅದನ್ನು ಕೀಳಲೇಬೇಕು. ಆದರೆ ಅಂದಗೊಳಿಸುವ ನೆವದಿಂದ ಕೋಟೆಯ ಪೊದೆಗಳನ್ನೆಲ್ಲ ಸವರಿಬಿಟ್ಟರೆ ನವಿಲು ಮೊಟ್ಟೆಯಿಡುವುದೆಲ್ಲಿ? ಗುಡಿಗೆ ಪುರಾತತ್ವ ಇಲಾಖೆಯ ರಕ್ಷಣೆಯಿದೆ; ಹಕ್ಕಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಲವಿದೆ. ಎರಡೂ ಕಾವಲುಗಳು ಒಂದನ್ನೊಂದು ಅರಿತು ನಡೆದರೆ ಮಾತ್ರ ಕೋಟೆಗೆ ಕ್ಷೇಮ. ಎಲ್ಲಿ ಕುಡುಗೋಲು ಆಡಬೇಕು, ಎಲ್ಲಿ ಆಡಬಾರದು ಎಂಬ ವಿವೇಕವೇ ಇಲ್ಲಿನ ಸಂರಕ್ಷಣೆಯ ತಿರುಳು.

ನೋಡಹೋಗುವವರ ಹೊಣೆಯೂ ಕಡಿಮೆಯೇನಲ್ಲ. ಮುಂಜಾನೆಯೋ ಇಳಿಹೊತ್ತೋ ಹೋಗುವುದು ಲೇಸು. ಆಗ ಬಿಸಿಲಿನ ಬಾಧೆಯಿಲ್ಲ, ನವಿಲುಗಳೂ ಮೇಯಲು ಹೊರಬಂದಿರುತ್ತವೆ. ಕಂಬದ ಮೇಲೆ ಹೆಸರು ಕೆತ್ತದೆ, ಪೊದೆಗೆ ಕಲ್ಲೆಸೆಯದೆ, ಬುತ್ತಿಯ ಕಾಗದವನ್ನು ಅಲ್ಲಿ ಬಿಡದೆ ಹಿಂದಿರುಗಿದರೆ ಸಾಕು. ಅರಸರು ಬಂದು ಹೋದ ಈ ನೆಲದಲ್ಲಿ ಶಿಲ್ಪಿಯ ಕಂಬಗಳು ಇನ್ನೂ ನಿಂತಿವೆ. ಅವುಗಳ ನಡುವೆ ನವಿಲಿನ ದನಿಯೂ ಉಳಿಯಲಿ.