ಅಮಾನತ್ ಒಪ್ಪಿಸುವ ಮುನ್ನ

ಹಿಜ್‌ರಾ ಪ್ರಯಾಣದಲ್ಲಿ ದಾರಿ ತೋರಿಸಲು ಪ್ರವಾದಿ ಮುಹಮ್ಮದ್(ಸ) ಮತ್ತು ಅಬೂಬಕರ್(ರ) ಕೂಲಿಗೆ ಗೊತ್ತುಮಾಡಿದ್ದು ಅಬ್ದುಲ್ಲಾಹ್ ಬಿನ್ ಉರೈಕಿತ್ ಎಂಬಾತನನ್ನು. ಆತ ಆಗ ಮುಸ್ಲಿಮನಾಗಿರಲಿಲ್ಲ. ಆದರೆ ದಾರಿಯನ್ನು ಬಲ್ಲವನಾಗಿದ್ದ, ವಿಶ್ವಾಸಕ್ಕೆ ಅರ್ಹನಾಗಿದ್ದ. ಎರಡು ಒಂಟೆಗಳನ್ನು ಅವನ ವಶಕ್ಕೆ ಕೊಟ್ಟು, ಮೂರು ರಾತ್ರಿಗಳ ಬಳಿಕ ಸೌರ್ ಗುಹೆಯ ಬಳಿಗೆ ತರಬೇಕೆಂದು ಕರಾರು ಮಾಡಿಕೊಂಡರು. ಈ ಘಟನೆಯನ್ನು ನಾವು ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಬೋಧಿಸುತ್ತಾ ಬಂದಿದ್ದೇವೆ. ಅದರ ಪಾಠ ನಮಗೇ ಮನದಟ್ಟಾದದ್ದು ಬೆಂಗಳೂರಿನಿಂದ ಮಂಗಳೂರಿಗೆ ಮನೆ ಬದಲಿಸಿದಾಗ.

ಸಾಮಾನು ಸಾಗಿಸುವವನನ್ನು ನಾವು ಆರಿಸಿದ್ದು ಫೋನಿನಲ್ಲಿ ಅವನು ಹೇಳಿದ ಸಲಾಮಿಗೆ ಮನಸೋತು. ಮಾತಿಗೊಮ್ಮೆ ‘ಇನ್‌ಶಾ ಅಲ್ಲಾಹ್’ ಎನ್ನುತ್ತಿದ್ದ. ದರವೂ ಇತರರಿಗಿಂತ ಕಡಿಮೆ. ನಮ್ಮವನೇ ತಾನೇ, ಕಾಗದಪತ್ರವೇಕೆ ಎಂದುಕೊಂಡೆವು. ಲಾರಿ ಹಾಸನ ತಲುಪಿದಾಗ ಕರೆ ಬಂತು: ಇನ್ನೂ 12 ಸಾವಿರ ರೂಪಾಯಿ ಕೊಡದಿದ್ದರೆ ಲಾರಿ ಘಟ್ಟ ಇಳಿಯದು. ಕೊಟ್ಟೆವು. ಸಾಮಾನು ಮೂರು ದಿನ ತಡವಾಗಿ ಬಂತು. ಒಂದು ಪೆಟ್ಟಿಗೆ ಬರಲೇ ಇಲ್ಲ. ಅದರಲ್ಲಿ ನಮ್ಮ ಉಸ್ತಾದರು ಅಂಚಿನಲ್ಲಿ ಟಿಪ್ಪಣಿ ಬರೆದು ನಮಗೆ ಒಪ್ಪಿಸಿದ್ದ ಕಿತಾಬುಗಳಿದ್ದವು. ಠಾಣೆಯಲ್ಲಿ ರಸೀದಿ ಕೇಳಿದರು. ನಮ್ಮಲ್ಲಿದ್ದದ್ದು ಒಂದು ಫೋನ್ ನಂಬರು ಮಾತ್ರ.

ಮೊದಲೇ ವಿಚಾರಿಸುವುದು ಕಷ್ಟವಾಗಿರಲಿಲ್ಲ. 2007ರ ರಸ್ತೆ ಸಾಗಾಣಿಕೆ ಕಾಯ್ದೆಯಂತೆ ಬಾಡಿಗೆಗೆ ಸರಕು ಸಾಗಿಸುವ ಸಂಸ್ಥೆ ನೋಂದಣಿ ಹೊಂದಿರಬೇಕು, ಸರಕಿಗೆ ರಸೀದಿ ಕೊಡಬೇಕು. ಅದರ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನು ಸರ್ಕಾರಿ ಜಾಲತಾಣದಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ, ರದ್ದಾಗಿದೆಯೇ ಎಂಬುದು ತಿಳಿಯುತ್ತದೆ. ಕಚೇರಿಯನ್ನು ಕಣ್ಣಾರೆ ನೋಡಬೇಕು. ಸಾಮಾನಿನ ಪಟ್ಟಿ, ಒಟ್ಟು ದರ, ವಿಮೆ, ಲಾರಿ ನಂಬರು ಇವೆಲ್ಲ ಬರಹದಲ್ಲಿರಬೇಕು. ಪೂರ್ತಿ ಹಣವನ್ನು ಮುಂಗಡವಾಗಿ ಕೊಡಬಾರದು. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಹೀಗೆ ವಿಚಾರಿಸುವುದು ಸಹೋದರನ ಬಗ್ಗೆ ಕೆಟ್ಟ ಗುಮಾನಿಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್ ಬಕರ ಅಧ್ಯಾಯದ 282ನೆಯದು, ಸಾಲವನ್ನು ಬರೆದಿಡುವ ಕುರಿತಾದದ್ದು. ಆ ಆದೇಶ ಸತ್ಯವಿಶ್ವಾಸಿಗಳ ನಡುವಿನ ವ್ಯವಹಾರಕ್ಕೇ ಇದೆ. ಬರಹವು ಇಬ್ಬರನ್ನೂ ಕಾಯುತ್ತದೆ. ಸಲಾಮು ಪ್ರಾರ್ಥನೆ, ಅದನ್ನು ಜಾಮೀನೆಂದು ಭಾವಿಸಿದ್ದು ನಮ್ಮ ತಪ್ಪು.

ಆ ವ್ಯಾಪಾರಿ ತನ್ನ ಲೆಕ್ಕವನ್ನು ಅಲ್ಲಾಹನ ಮುಂದೆ ಕೊಡುವನು. ಆದರೆ ಆ ಕಿತಾಬುಗಳು ಉಸ್ತಾದರು ನಮಗೆ ಒಪ್ಪಿಸಿದ ಅಮಾನತ್. ಅದನ್ನು ವಿಚಾರಿಸದೆ ಮತ್ತೊಬ್ಬರ ಕೈಗೆ ಕೊಟ್ಟವರು ನಾವು. ಆ ಲೆಕ್ಕ ನಮ್ಮದು. ಅಲ್ಲಾಹನು ನಮ್ಮನ್ನು ಕ್ಷಮಿಸಲಿ, ಆಮೀನ್.