ವಾಡಿಕೆಯ ಚಳಿ

ಪುಣೆಯ ಶಿವಾಜಿನಗರದಲ್ಲಿ ಒಂದು ಚೌಕಿಗೆ ಸಿಮ್ಲಾ ಆಫೀಸ್ ಎಂದು ಹೆಸರು. ಊರಿಂದ ಹೊಸದಾಗಿ ಬಂದಾಗ ಬಸ್ಸಿನ ಕಂಡಕ್ಟರ್ ಆ ಹೆಸರು ಕೂಗುವುದನ್ನು ಕೇಳಿ, ಇಲ್ಲಿಂದ ಸಿಮ್ಲಾಕ್ಕೂ ಟಿಕೆಟ್ ಕೊಡ್ತಾರೇನೋ ಅಂದುಕೊಂಡಿದ್ದೆ. ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಈ ಊರಿಗೆ ಬಂತಂತೆ. 1944ರಲ್ಲಿ ದಿಲ್ಲಿಗೆ ಹೋಯಿತು, ಹೆಸರು ಮಾತ್ರ ಇಲ್ಲೇ ಉಳಿಯಿತು. ಪುಣೆಯ ಚಳಿಯನ್ನು ಸಿಮ್ಲಾ ಆಫೀಸಿನಲ್ಲಿ ಕೂತು ಅಳೆಯುತ್ತಾರೆ ಅಂದರೆ ನಮ್ಮೂರಿನ ಕಟ್ಟೆಯ ಮೇಲೆ ಯಾರೂ ನಂಬಲಿಕ್ಕಿಲ್ಲ.

ಸಂಪಾದಕರು ಈ ಸಂಚಿಕೆಗೆ ಚಳಿಗಾಲದ ಬಗ್ಗೆ ಏನಾದರೂ ಬರೆದುಕೊಡು ಎಂದಾಗ, ಕಾಮರ್ಸ್ ಓದುವವನಿಗೂ ಚಳಿಗೂ ಏನು ಸಂಬಂಧ ಎಂದು ತಪ್ಪಿಸಿಕೊಳ್ಳಲು ನೋಡಿದೆ. ಸಂಬಂಧ ಇದೆ. ಇದ್ದುದಕ್ಕೇ ತಪ್ಪಿಸಿಕೊಳ್ಳಲು ನೋಡಿದ್ದು.

ನಾನು ಹತ್ತನೆಯ ತರಗತಿಯವರೆಗೆ ಓದಿದ್ದು ರೋಣ ತಾಲೂಕಿನ ನಮ್ಮ ಹಳ್ಳಿಯ ಕನ್ನಡ ಶಾಲೆಯಲ್ಲಿ. ಅಲ್ಲಿ ಸರಾಸರಿ, ಮಧ್ಯಾಂಕ, ಬಹುಲಕ ಎಂದು ಕಲಿತೆ. ಪುಣೆಯ ಕಾಲೇಜಿನಲ್ಲಿ ಮೊದಲ ವಾರವೇ ಸಂಖ್ಯಾಶಾಸ್ತ್ರದ ಸರ್ ಎದ್ದು ನಿಲ್ಲಿಸಿ "ಮೀನ್ ಅಂದರೇನು" ಎಂದು ಕೇಳಿದರು. ನನ್ನ ತಲೆಯಲ್ಲಿ ಬಂದದ್ದು ಹೊಳೆಯ ಮೀನು. ಸರಾಸರಿ ಎಂದು ಯಾರಾದರೂ ಕಿವಿಯಲ್ಲಿ ಉಸುರಿದ್ದರೆ ಸಾಕಿತ್ತು. ಇಲ್ಲಿಯ ಮರಾಠಿ ಹುಡುಗರೂ ಅದನ್ನು ಸರಾಸರಿ ಎಂದೇ ಕರೆಯುತ್ತಾರೆಂದು ಆಮೇಲೆ ಗೊತ್ತಾಯಿತು. ಆ ಶಬ್ದ ಸಿಕ್ಕ ದಿನದಿಂದ ನನಗೆ ಧೈರ್ಯ ಬಂತು. ಧೈರ್ಯ ಸ್ವಲ್ಪ ಹೆಚ್ಚೇ ಬಂತು ಅನ್ನಬೇಕು.

ಅದೇ ಸರ್ ಒಮ್ಮೆ ನಮ್ಮನ್ನು ಹವಾಮಾನ ಕೇಂದ್ರ ತೋರಿಸಲು ಕರೆದುಕೊಂಡು ಹೋದರು. ಹುಲ್ಲಿನ ನಡುವೆ ನಾಲ್ಕು ಅಡಿ ಎತ್ತರಕ್ಕೆ ಕಾಲುಗಳ ಮೇಲೆ ಒಂದು ಬಿಳಿ ಕಟ್ಟಿಗೆ ಪೆಟ್ಟಿಗೆ, ಗಾಳಿಯಾಡಲು ಸುತ್ತಲೂ ಓರೆಪಟ್ಟಿ. ನೋಡಿದರೆ ಪಾರಿವಾಳದ ಗೂಡು. ಒಳಗೆ ಥರ್ಮಾಮೀಟರುಗಳು. ರಾತ್ರಿಯ ಅತಿ ಕಡಿಮೆ ಉಷ್ಣಾಂಶವನ್ನು ಬೆಳಿಗ್ಗೆ ಎಂಟೂವರೆಗೆ ಓದಿ ಬರೆದುಕೊಳ್ಳುತ್ತಾರೆ. 1935ರ ಜನವರಿ 17ರಂದು ಪುಣೆಯಲ್ಲಿ 1.7 ಡಿಗ್ರಿಗೆ ಇಳಿದಿತ್ತು. ಅದಕ್ಕಿಂತ ಕೆಳಗೆ ಈ ಊರು ಇಂದಿಗೂ ಇಳಿದಿಲ್ಲ.

ಮೂವತ್ತು ವರ್ಷದ ಅಂಕಿಗಳನ್ನು ಕೂಡಿಸಿ ಭಾಗಿಸಿದರೆ ಬರುವುದು 'ನಾರ್ಮಲ್'. ನಮ್ಮ ಕನ್ನಡ ಪತ್ರಿಕೆಗಳು ಅದನ್ನು 'ವಾಡಿಕೆ' ಎನ್ನುತ್ತವೆ. ಎಂಥ ಒಳ್ಳೆಯ ಮಾತು! ಹಬ್ಬಕ್ಕೆ ಹೋಳಿಗೆ ಮಾಡುವುದು ವಾಡಿಕೆ, ಜನವರಿಯಲ್ಲಿ ಇಷ್ಟು ಚಳಿ ಬೀಳುವುದು ವಾಡಿಕೆ. ಆದರೆ ಈ ವಾಡಿಕೆ ನಿಂತಲ್ಲಿ ನಿಲ್ಲುವುದಿಲ್ಲ. ಮೊದಲು 1971ರಿಂದ 2000ದ ಸರಾಸರಿ, ಆಮೇಲೆ 1981ರಿಂದ 2010ರದು, ಈಗ 1991ರಿಂದ 2020ರದು. ಸೂಚ್ಯಂಕದ ಪಾಠದಲ್ಲಿ ಬರುವ ಆಧಾರ ವರ್ಷವನ್ನು ಬದಲಿಸಿದ ಹಾಗೆ. ನಿನ್ನೆ ವಾಡಿಕೆಗಿಂತ ಹೆಚ್ಚು ಎನಿಸಿದ ಸೆಕೆ, ಆಧಾರ ಬದಲಾದ ಮೇಲೆ ಬರೀ ವಾಡಿಕೆ. ನಮ್ಮ ಅಜ್ಜಿ ಮಾತ್ರ ಆಧಾರ ವರ್ಷ ಬದಲಿಸಿದವಳಲ್ಲ. ಅವಳ ಅಳತೆ ಕೌದಿ. "ಒಂದು ಕೌದಿ ಚಳಿ, ಎರಡು ಕೌದಿ ಚಳಿ" ಎನ್ನುತ್ತಾಳೆ. "ಮಾಗಿ ಬಂದು ಹೋದ್ರೂ ಎರಡನೇ ಕೌದಿ ಪೆಟ್ಟಿಗಿಂದ ಹೊರಗ ಬರೂದ ಇಲ್ಲ ಈಗ" ಎಂದು ಅವಳ ದೂರು.

ಈಗ ವಿಷಯಕ್ಕೆ ಬರುತ್ತೇನೆ.

ನಮ್ಮದು ಎರೆಭೂಮಿ, ನಾಲ್ಕು ಎಕರೆ. ಹಿಂಗಾರಿಗೆ ಕಡಲೆ. ಅಕ್ಟೋಬರಿನಲ್ಲಿ ಬಿತ್ತಿದರೆ, ಆಮೇಲೆ ಅದು ಮಳೆಯನ್ನು ಕೇಳುವುದಿಲ್ಲ. ಒಳಗಿನ ಹಸಿ, ಮೇಲಿನ ಇಬ್ಬನಿ, ಗಾಳಿಯ ಥಂಡಿ, ಇಷ್ಟರ ಮೇಲೇ ಬೆಳೆಯುತ್ತದೆ. ನಸುಕಿನಲ್ಲಿ ಹೊಲಕ್ಕೆ ಹೋದರೆ ಕಡಲೆ ಎಲೆಯ ಹುಳಿ ಪಿಂಡರಿಗೆ ಹತ್ತಿ ಉರಿಯುತ್ತದೆ. ಅಜ್ಜಿ ಹಿಂದೆಲ್ಲ ತೆಳ್ಳನೆಯ ಬಿಳಿ ಬಟ್ಟೆಯನ್ನು ಗಿಡಗಳ ಮೇಲೆ ಎಳೆದು, ಇಬ್ಬನಿಯ ಸಮೇತ ಆ ಹುಳಿಯನ್ನು ಹಿಂಡಿ ಬಾಟಲಿಯಲ್ಲಿ ಇಡುತ್ತಿದ್ದಳು. ಹೊಟ್ಟೆನೋವಿಗೆ ಅದೇ ಔಷಧ. ಇಬ್ಬನಿ ಬೀಳದ ವರ್ಷ ಆ ಬಾಟಲಿ ಖಾಲಿ.

ಕಡಲೆಗೆ ಶತ್ರು ಎಂದರೆ ಮೋಡ. ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲ ತನ್ನ ಕಾವನ್ನು ಮೇಲಕ್ಕೆ ಬಿಟ್ಟು ತಣ್ಣಗಾಗುತ್ತದೆ, ಇಬ್ಬನಿ ಕೂಡುತ್ತದೆ. ಮೋಡ ಕವಿದರೆ ಕಾವು ತಿರುಗಿ ನೆಲಕ್ಕೇ ಬರುತ್ತದೆ, ಕೌದಿ ಹೊದಿಸಿದ ಹಾಗೆ. ಹೂವು ಕಾಯಿ ಕಟ್ಟುವ ಹೊತ್ತಿಗೆ ಇಂಥ ನಾಲ್ಕು ದಿನ ಬಂದರೆ ಕಾಯಿಕೊರಕದ ಕೀಡಿ ಬಿತ್ತೆಂದೇ ನಮ್ಮ ಕಡೆಯವರ ಲೆಕ್ಕ.

2024ರ ನವೆಂಬರ್ ಕೊನೆಯಲ್ಲಿ ಪುಣೆಯಲ್ಲಿ ಚಳಿ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿದಿತ್ತು. ನಾನು ಹೊಸ ಸ್ವೆಟರ್ ಹಾಕಿ ಮೆರೆಯುತ್ತಿದ್ದೆ. ಅಷ್ಟರಲ್ಲಿ ಬಂಗಾಳ ಉಪಸಾಗರದ ಫೆಂಗಲ್ ಚಂಡಮಾರುತ ನವೆಂಬರ್ 30ರಂದು ಪುದುಚೇರಿಯ ಹತ್ತಿರ ದಡ ಹತ್ತಿ, ಉಳಿದ ಮೋಡವನ್ನೆಲ್ಲ ಕರ್ನಾಟಕದ ಮೇಲೆ ಹಾಯಿಸಿಕೊಂಡು ಪಡುವಣಕ್ಕೆ ಹೊರಟಿತು. ಡಿಸೆಂಬರ್ ಮೊದಲ ವಾರ ಪುಣೆಯ ರಾತ್ರಿ ಇಪ್ಪತ್ತು ಡಿಗ್ರಿ ದಾಟಿತು. ಸ್ವೆಟರ್ ಗೂಟಕ್ಕೆ ಹೋಯಿತು.

ಒಂದು ಸಂಜೆ ಅಪ್ಪನ ಫೋನ್ ಬಂತು.

"ಮೂರು ದಿನಾ ಆತು ಮೋಡ ಹಿಡದು. ಇಬ್ಬನಿ ಇಲ್ಲ. ಔಷಧ ಹೊಡೀಲೇನು? ಕೂಲಿ ಸೇರಿ ನಾಕ ಸಾವಿರ ಆಗ್ತೈತಿ. ಕೈಯಾಗ ನಿನ್ನ ಫೀ ರೊಕ್ಕ ಐತಿ, ಅದನ್ನ ಮುರೀಬೇಕಾಗ್ತೈತಿ. ನೀ ಲೆಕ್ಕಾ ಬಲ್ಲಾಂವ, ಹೇಳು."

ನಾನು ಲೆಕ್ಕ ಹೇಳಿದೆ. ಮೋಡದಿಂದ ರಾತ್ರಿಯ ಚಳಿ ಕಡಿಮೆಯಾದರೆ ಹಗಲಿನ ಬಿಸಿಲೂ ಕಡಿಮೆಯಾಗುತ್ತದೆ, ಎರಡನ್ನೂ ಕೂಡಿಸಿ ಭಾಗಿಸಿದರೆ ದಿನದ ಸರಾಸರಿ ವಾಡಿಕೆಗೆ ಹತ್ತಿರವೇ ಇರುತ್ತದೆ ಎಂದೆ. ಇನ್ನೂ ಡಿಸೆಂಬರ್ ಸುರು, ಮುಂದೆ ಚಳಿ ಬಿದ್ದೇ ಬೀಳುತ್ತದೆ, ತಿಂಗಳ ಸರಾಸರಿ ಸರಿಹೋಗುತ್ತದೆ ಎಂದೆ. ಎಂಟು ದಿನ ತಡಿ ಅಂದೆ. ಅಪ್ಪ "ಹಂಗಂತೀಯಾ" ಎಂದು ಫೋನ್ ಇಟ್ಟ.

ನನ್ನ ಲೆಕ್ಕ ತಪ್ಪಲಿಲ್ಲ. ಡಿಸೆಂಬರ್ ನಡುವಿಗೆ ಮೋಡ ಸರಿಯಿತು, ಪುಣೆಯಲ್ಲಿ ಮತ್ತೆ ಹತ್ತರ ಕೆಳಗೆ ಇಳಿಯಿತು. ನಮ್ಮ ಕಡೆಯೂ ಗಡಗಡ ನಡುಗಿಸುವ ಥಂಡಿ. ಅಜ್ಜಿಯ ಎರಡನೇ ಕೌದಿ ಆ ವರ್ಷ ಪೆಟ್ಟಿಗೆಯಿಂದ ಹೊರಗೆ ಬಂತು. ಮೊದಲ ವಾರದ ಜಮಾ, ಮೂರನೇ ವಾರದ ಖರ್ಚು, ಖಾತೆ ಸರಿ. ಆದರೆ ಕೀಡಿ ಖಾತೆ ನೋಡಿ ತಿನ್ನುವುದಿಲ್ಲವಲ್ಲ. ಆ ಎಂಟು ದಿನದಲ್ಲಿ ಅದು ಕಾಯಿಯೊಳಗೆ ಸೇರಿಯಾಗಿತ್ತು. ಆಮೇಲೆ ಸಾಲ ತಂದು ಔಷಧ ಹೊಡೆದರೂ ಒಳಗಿದ್ದದ್ದಕ್ಕೆ ತಟ್ಟಲಿಲ್ಲ.

ಎಳ್ಳಮವಾಸ್ಯೆಗೆ ಊರಿಗೆ ಹೋದಾಗ ಚರಗ ಚೆಲ್ಲಲು ಅಪ್ಪ ಮುಂದೆ, ನಾನು ಹಿಂದೆ. ಕೈಗೆ ಸಿಕ್ಕ ಕಾಯಿ ಹಿಚುಕಿದರೆ ದುಂಡನೆಯ ತೂತು, ಒಳಗೆ ಬರೀ ಹಿಕ್ಕಿ. ಅಪ್ಪ ನನಗೇನೂ ಅನ್ನಲಿಲ್ಲ. ಬುತ್ತಿ ಬಿಚ್ಚಿ "ಸಜ್ಜಿರೊಟ್ಟಿ ಮೆತ್ತಗ ಅದಾವು, ತಿನ್ನು" ಅಂದ. ಎಂದಿನಂತೆ ಎಕರೆಗೆ ಐದು ಕ್ವಿಂಟಲ್ ಎಂದು ಹಿಡಿದರೆ ಇಪ್ಪತ್ತು ಬರಬೇಕಿತ್ತು, ಬಂದದ್ದು ಹನ್ನೆರಡು. ಆ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಲಿಗೆ 5,650 ರೂಪಾಯಿ. ಎಂಟು ಕ್ವಿಂಟಲಿಗೆ 45,200. ನಾಲ್ಕು ಸಾವಿರ ಉಳಿಸಲು ಹೋಗಿ. ಔಷಧ ಹೊಡೆದಿದ್ದರೆ ಎಂಟಕ್ಕೆ ಎಂಟೂ ಉಳಿಯುತ್ತಿದ್ದವು ಎಂದು ಹೇಳಲಾರೆ. ಅರ್ಧ ಉಳಿದಿದ್ದರೂ ಸಾಲ ಇರುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಹುಡುಗನ ತಪ್ಪು ತಿಳಿವಳಿಕೆ ಎಂದು ಬಿಡಬಹುದಿತ್ತು. ಅಂದು ಫೋನಿನಲ್ಲಿ ನನಗೆ ಮೊದಲು ಕೇಳಿಸಿದ ಶಬ್ದ 'ಮೋಡ' ಅಲ್ಲ, 'ಫೀ ರೊಕ್ಕ'. ಕಟ್ಟುವ ಕೊನೆಯ ದಿನ ಇನ್ನು ಹತ್ತು ದಿನವಿತ್ತು. ಹಿಂದಿನ ಸಲ ತಡವಾಗಿ, ಎಲ್ಲರೆದುರು ನನ್ನ ಹೆಸರು ಓದಿದ್ದರು. ಅದು ಇನ್ನೊಮ್ಮೆ ಬೇಡವಾಗಿತ್ತು. ಸರಾಸರಿ ಬಾಯಿಗೆ ಬಂದದ್ದು ಆಮೇಲೆ. ಅಂಕಿ ಹೇಳುವಾಗ ನನ್ನ ದನಿ ಎಷ್ಟು ಗಟ್ಟಿಯಾಗಿತ್ತೆಂದರೆ, ಸಂಖ್ಯಾಶಾಸ್ತ್ರದ ಸರ್ ಕೇಳಿದ್ದರೆ ಮೆಚ್ಚುತ್ತಿದ್ದರು.

2025ರ ಫೆಬ್ರವರಿ ಮುಗಿದ ಮೇಲೆ ಪತ್ರಿಕೆಯಲ್ಲಿ ಓದಿದೆ: ಇಡೀ ದೇಶಕ್ಕೆ 1901ರಿಂದ ಈಚೆಗೆ ಅತಿ ಬಿಸಿಯ ಫೆಬ್ರವರಿ ಅದು, ವಾಡಿಕೆಗಿಂತ 1.34 ಡಿಗ್ರಿ ಹೆಚ್ಚು. ಶಿವರಾತ್ರಿಗೆ ಶಿವಶಿವ ಅಂತ ಹೋಗಬೇಕಾದ ಚಳಿ, ಮೊದಲೇ ಜಾಗ ಖಾಲಿ ಮಾಡಿತ್ತು. ಅಷ್ಟು ಹೊತ್ತಿಗೆ ನಮ್ಮ ಕಡಲೆ ಕಣ ಮುಟ್ಟಿ, ಮಾರಿ ಆಗಿತ್ತು. ಇನ್ನೊಂದು ಸಂಗತಿ ಗೊತ್ತಾದಾಗ ಒಬ್ಬನೇ ನಕ್ಕೆ: ಇಲಾಖೆಯ ಪುಸ್ತಕದಲ್ಲಿ ಚಳಿಗಾಲ ಅಂದರೆ ಜನವರಿ, ಫೆಬ್ರವರಿ ಎರಡೇ ತಿಂಗಳು. ಡಿಸೆಂಬರ್ ಮುಂಗಾರಿನ ನಂತರದ ಋತುವಿನ ಖಾತೆಗೆ ಸೇರುತ್ತದೆ. ನಮಗೆ ಮಾರ್ಚ್ 31 ಇದ್ದ ಹಾಗೆ ಅವರಿಗೂ ಎಲ್ಲೋ ಒಂದು ಗೆರೆ ಎಳೆಯಬೇಕಲ್ಲ. ಅಂತೂ ನಮ್ಮ ಮನೆ ಮುರಿದ ವಾರ, ಆ ಚಳಿಗಾಲದ ಲೆಕ್ಕದಲ್ಲೇ ಇಲ್ಲ. ಇದನ್ನು ಅವರ ತಪ್ಪೆನ್ನುತ್ತಿಲ್ಲ. ಅವರು ತಿಂಗಳ ಲೆಕ್ಕ ಕೊಟ್ಟರು, ಅದರಲ್ಲಿ ನನ್ನ ಒಂದು ವಾರವನ್ನು ಅಡಗಿಸಿಟ್ಟವನು ನಾನು.

ಈಗ ಕೊನೆಯ ವರ್ಷ. ಕಾಸ್ಟಿಂಗ್ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಒಂದು ಪಟ್ಟಿ ಇಟ್ಟಿದ್ದೇನೆ. ಕಡಲೆ ಬಿತ್ತಿದ ದಿನದಿಂದ ಕೀಳುವವರೆಗೆ, ಸಂಜೆ ಅಪ್ಪನಿಗೆ ಮೂರೇ ಪ್ರಶ್ನೆ: ಮುಂಜಾನೆ ಇಬ್ಬನಿ ಬಿತ್ತೇ, ಮೋಡ ಇದೆಯೇ, ಅಜ್ಜಿಗೆ ಎಷ್ಟು ಕೌದಿ. ಅಪ್ಪನಿಗೆ ಮೊದಮೊದಲು ನಗು, ಈಗ ನಾನು ಕೇಳುವ ಮೊದಲೇ ಹೇಳುತ್ತಾನೆ. ಸರಾಸರಿ ತೆಗೆದಿಲ್ಲ. ದಿನಕ್ಕೊಂದು ಸಾಲು, ಅಷ್ಟೇ.

ಫೀ ರೊಕ್ಕದ ಮಾತನ್ನು ಮಾತ್ರ ಇನ್ನೂ ಅವನಿಗೆ ಹೇಳಿಲ್ಲ. ಬಾಯಿ ಬರುವುದಿಲ್ಲ. ಅಪ್ಪ ಓದಿದ್ದು ಏಳನೆಯ ಇಯತ್ತೆ, ಆದರೆ ಕನ್ನಡದಲ್ಲಿದ್ದದ್ದನ್ನು ಒಂದಕ್ಷರ ಬಿಡದೆ ಓದುತ್ತಾನೆ, ಪೊಟ್ಟಣ ಕಟ್ಟಿ ಬಂದ ಹಾಳೆಯನ್ನೂ. ಈ ಸಂಚಿಕೆಯ ಒಂದು ಪ್ರತಿ ಹೆಚ್ಚಿಗೆ ತೆಗೆದಿಡಿ ಎಂದು ಸಂಪಾದಕರಿಗೆ ಹೇಳಿದ್ದೇನೆ.